ವಚನವೊಂದನ್ನು ವಿಶ್ಲೇಷಿಸುವುದು ಹೇಗೆ: ಆಶಯ ಮತ್ತು ಅಲಂಕಾರಗಳನ್ನು ಒಟ್ಟಿಗೆ ಓದುವ ಸಮಗ್ರ ಮಾರ್ಗದರ್ಶಿ

ಪದವಿ ತರಗತಿಗಳ ಉತ್ತರಪತ್ರಿಕೆಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗಳ ಕನ್ನಡ ಸಾಹಿತ್ಯ ಪತ್ರಿಕೆಯಲ್ಲಿ, ಎಷ್ಟೋ ವೇಳೆ ವಿಚಾರಗೋಷ್ಠಿಗಳ ಪ್ರಬಂಧಗಳಲ್ಲಿಯೂ ವಚನದ ವಿಶ್ಲೇಷಣೆ ಎಂಬ ಹೆಸರಿನಲ್ಲಿ ಎರಡು ಬಗೆಯ ಬರಹಗಳು ಕಾಣಸಿಗುತ್ತವೆ. ಮೊದಲನೆಯದು ವಚನದ ಮಾತುಗಳನ್ನೇ ಹೊಸಗನ್ನಡದಲ್ಲಿ ಮತ್ತೊಮ್ಮೆ ಹೇಳಿ, ಕೊನೆಗೆ ಸಮಾನತೆ, ಭಕ್ತಿ, ವೈರಾಗ್ಯ ಎಂಬ ಒಂದು ಪದವನ್ನು ಅಂಟಿಸಿ ಮುಗಿಸುತ್ತದೆ. ಎರಡನೆಯದು ಇಲ್ಲಿ ರೂಪಕವಿದೆ, ಇಲ್ಲಿ ಅನುಪ್ರಾಸವಿದೆ ಎಂದು ಅಲಂಕಾರಗಳನ್ನು ಗುರುತಿಸಿ ನಿಲ್ಲುತ್ತದೆ. ಮೊದಲನೆಯದರಲ್ಲಿ ಆಶಯವಿದೆ, ಅದು ಹುಟ್ಟಿದ ಬಗೆಯಿಲ್ಲ. ಎರಡನೆಯದರಲ್ಲಿ ಉಪಕರಣಗಳಿವೆ, ಅವು ಮಾಡಿದ ಕೆಲಸವಿಲ್ಲ. ಈ ಎರಡನ್ನೂ ಬೆಸೆದು ಓದುವುದು ಹೇಗೆ ಎಂಬುದನ್ನು ಈ ಮಾರ್ಗದರ್ಶಿ ಹಂತಹಂತವಾಗಿ ವಿವರಿಸುತ್ತದೆ. ನನ್ನ ನಂಬಿಕೆ ಇಷ್ಟು: ವಚನದಲ್ಲಿ ಒಂದು ವಿನ್ಯಾಸ ಕಟ್ಟಿಕೊಳ್ಳುತ್ತಾ ಹೋಗಿ ಎಲ್ಲಿ ಮುರಿಯುತ್ತದೆಯೋ ಅಲ್ಲಿಯೇ ಅದರ ಆಶಯ ಬಾಯಿಬಿಡುತ್ತದೆ. ಆದ್ದರಿಂದ ವಿನ್ಯಾಸವನ್ನು ಕಾಣಲು ಕಲಿಯುವುದು ಮೊದಲ ಕೆಲಸ, ಅದು ಮುರಿದ ಜಾಗವನ್ನು ಹಿಡಿಯುವುದು ಮುಖ್ಯ ಕೆಲಸ.

ಉದಾಹರಣೆಗೆ ಬಹುತೇಕ ಓದುಗರಿಗೆ ಬಾಯಿಪಾಠವಾಗಿರುವ ಅಕ್ಕಮಹಾದೇವಿಯ ಒಂದು ವಚನವನ್ನು ಆರಿಸಿಕೊಂಡಿದ್ದೇನೆ. ಬಾಯಿಪಾಠವಾದ ವಚನವನ್ನೇ ಆರಿಸಿಕೊಳ್ಳಲು ಕಾರಣವಿದೆ. ಹೆಚ್ಚು ಪರಿಚಿತವಾದ ಪಠ್ಯವನ್ನೇ ನಾವು ಅತಿ ಕಡಿಮೆ ಗಮನವಿಟ್ಟು ಓದುತ್ತೇವೆ.

ಬೆಟ್ಟದ ಮೇಲೊಂದು ಮನೆಯ ಮಾಡಿ
ಮೃಗಗಳಿಗಂಜಿದಡೆಂತಯ್ಯಾ?
ಸಮುದ್ರದ ತಡಿಯಲೊಂದು ಮನೆಯ ಮಾಡಿ
ನೊರೆತೆರೆಗಳಿಗಂಜಿದಡೆಂತಯ್ಯಾ?
ಸಂತೆಯೊಳಗೊಂದು ಮನೆಯ ಮಾಡಿ
ಶಬ್ದಕ್ಕೆ ನಾಚಿದಡೆಂತಯ್ಯಾ?
ಚೆನ್ನಮಲ್ಲಿಕಾರ್ಜುನದೇವ ಕೇಳಯ್ಯಾ,
ಲೋಕದೊಳಗೆ ಹುಟ್ಟಿದ ಬಳಿಕ
ಸ್ತುತಿನಿಂದೆಗಳು ಬಂದಡೆ
ಮನದಲ್ಲಿ ಕೋಪವ ತಾಳದೆ
ಸಮಾಧಾನಿಯಾಗಿರಬೇಕು.

ಮೊದಲ ಹಂತ: ಪಠ್ಯವನ್ನು ಖಚಿತಪಡಿಸಿಕೊಳ್ಳಿ

ವಿಶ್ಲೇಷಣೆ ಪದಗಳ ಮೇಲೆ ನಿಂತಿರುವುದರಿಂದ ಪದಗಳು ಸರಿಯಿವೆಯೇ ಎಂಬುದನ್ನು ಮೊದಲು ನೋಡಬೇಕು. 12ನೆಯ ಶತಮಾನದ ವಚನಗಳು ಶತಮಾನಗಳ ಕಾಲ ತಾಳೆಗರಿಗಳಲ್ಲಿ ನಕಲಾಗುತ್ತಾ, ಜನರ ನಾಲಗೆಯ ಮೇಲೆ ಉಳಿಯುತ್ತಾ ಬಂದವು. ಫ.ಗು. ಹಳಕಟ್ಟಿಯವರು ಮನೆಮನೆ, ಮಠಮಠ ಅಲೆದು ಹಸ್ತಪ್ರತಿಗಳನ್ನು ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದ ಮೇಲೆಯೇ ಇವು ಆಧುನಿಕ ಓದುಗರ ಕೈಗೆ ವ್ಯಾಪಕವಾಗಿ ಸಿಕ್ಕವು. ಕರ್ನಾಟಕ ಸರ್ಕಾರವು ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಂಪುಟ ಇಂದಿನ ಅಭ್ಯಾಸಿಗೆ ಬೇಕಾದ ಆಧಾರಗ್ರಂಥ. ಕ್ಯಾಲೆಂಡರಿನ ಹಾಳೆ, ಗೋಡೆಬರಹ ಅಥವಾ ವಾಟ್ಸಾಪ್ ಸಂದೇಶದಿಂದ ಎತ್ತಿಕೊಂಡ ಪಠ್ಯವನ್ನು ನೇರವಾಗಿ ವಿಶ್ಲೇಷಣೆಗೆ ತೆಗೆದುಕೊಳ್ಳಬೇಡಿ.

ಪಾಠಾಂತರಗಳು ಕೇವಲ ಪಂಡಿತರ ಕಾಳಜಿಯಲ್ಲ. ಬಸವಣ್ಣನವರ ಪ್ರಸಿದ್ಧ ವಚನದ ಮೊದಲ ಸಾಲು ಕೆಲವೆಡೆ “ಉಳ್ಳವರು ಶಿವಾಲಯ ಮಾಡುವರು” ಎಂದೂ ಕೆಲವೆಡೆ “ಮಾಡಿಹರು” ಎಂದೂ ಕಾಣುತ್ತದೆ. ಮಾಡುವರು ಎಂದರೆ ಅದು ಉಳ್ಳವರ ಸ್ವಭಾವದ ಮಾತಾಗುತ್ತದೆ, ಮಾಡಿಹರು ಎಂದರೆ ಕಣ್ಣೆದುರು ಕಟ್ಟಿ ನಿಂತಿರುವ ಗುಡಿಯ ಮಾತಾಗುತ್ತದೆ. ಮುಂದಿನ “ನಾನೇನ ಮಾಡುವೆ” ಎಂಬ ಪ್ರಶ್ನೆಯ ದನಿ ಈ ಎರಡು ಪಾಠಗಳಲ್ಲಿ ಬೇರೆಯಾಗಿಯೇ ಕೇಳಿಸುತ್ತದೆ. ನೀವು ಯಾವ ಪಾಠವನ್ನು ಅನುಸರಿಸಿದ್ದೀರಿ ಎಂಬುದನ್ನು ಬರಹದ ಆರಂಭದಲ್ಲಿಯೇ ಹೇಳಿಬಿಡುವುದು ಒಳ್ಳೆಯ ರೂಢಿ.

ಎರಡನೆಯ ಹಂತ: ಗಟ್ಟಿಯಾಗಿ ಓದಿ, ನಂತರ ಕೈಯಲ್ಲಿ ಬರೆದುಕೊಳ್ಳಿ

ವಚನ ನುಡಿದ ಮಾತು. ಅದರಲ್ಲಿ ಷಟ್ಪದಿಯ ಹಾಗೆ ಎಣಿಸಬಹುದಾದ ಮಾತ್ರೆಗಳಿಲ್ಲ, ಕಂದದ ಹಾಗೆ ಗಣಗಳ ಲೆಕ್ಕವಿಲ್ಲ, ಆದರೆ ಲಯವಿದೆ. ಛಂದಸ್ಸಿನ ಪಾಠ ಕಲಿತು ಬಂದ ವಿದ್ಯಾರ್ಥಿಗಳು ವಚನದಲ್ಲಿ ಪ್ರಸ್ತಾರ ಹಾಕಲು ಹೊರಟು ಏನೂ ಸಿಗದೆ, ಇದು ಗದ್ಯ ಎಂದು ತೀರ್ಮಾನಿಸಿ ಶಬ್ದದ ಕಡೆಗೆ ಗಮನವನ್ನೇ ಕೊಡದೆ ಹೋಗುವುದುಂಟು. ವಚನದ ಲಯ ಇರುವುದು ವಾಕ್ಯರಚನೆಯ ಪುನರಾವರ್ತನೆಯಲ್ಲಿ. ಗಟ್ಟಿಯಾಗಿ ಓದಿದಾಗ ಅಕ್ಕನ ವಚನದಲ್ಲಿ “ಎಂತಯ್ಯಾ” ಎಂಬ ಏರುದನಿ ಮೂರು ಬಾರಿ ಬಂದು, “ಕೇಳಯ್ಯಾ” ಎಂಬಲ್ಲಿ ಒಮ್ಮೆ ನಿಂತು, ಆಮೇಲೆ “ಅಯ್ಯಾ” ಎಂಬ ಸಂಬೋಧನೆ ಪೂರ್ತಿ ಮರೆಯಾಗುವುದು ಕಿವಿಗೆ ಬೀಳುತ್ತದೆ. ಕೊನೆಯ ನಾಲ್ಕು ಸಾಲುಗಳಲ್ಲಿ ದನಿ ಏರುವುದಿಲ್ಲ, ಒಂದೇ ಉಸಿರಿನ ದೀರ್ಘ ವಾಕ್ಯವಾಗಿ ಇಳಿದು ನಿಲ್ಲುತ್ತದೆ. ಸಮಾಧಾನವನ್ನು ಹೇಳುವ ಭಾಗ ಸಮಾಧಾನದಲ್ಲಿಯೇ ನುಡಿಯುತ್ತಿದೆ ಎಂಬುದು ಈ ಹಂತದಲ್ಲಿ ಸಿಗುವ ಮೊದಲ ಸುಳಿವು.

ಬಳಿಕ ಸಾಲುಗಳ ನಡುವೆ ಸಾಕಷ್ಟು ಜಾಗ ಬಿಟ್ಟು ವಚನವನ್ನು ಕೈಯಲ್ಲಿಯೇ ಬರೆದುಕೊಳ್ಳಿ. ಮರುಕಳಿಸುವ ಪದ, ಪ್ರತ್ಯಯ ಮತ್ತು ವಾಕ್ಯರಚನೆಗಳಿಗೆ ಒಂದು ಬಣ್ಣದ ಗೆರೆ, ಮರುಕಳಿಸಬೇಕಾದಲ್ಲಿ ಬದಲಾದ ಅಂಶಗಳಿಗೆ ಇನ್ನೊಂದು ಬಣ್ಣದ ಗೆರೆ ಎಳೆಯಿರಿ. ಮುಂದಿನ ಎಲ್ಲ ಹಂತಗಳಲ್ಲಿ ನಿಮಗೆ ಬೇಕಾಗುವುದು ಈ ಎರಡನೆಯ ಬಣ್ಣ.

ಮೂರನೆಯ ಹಂತ: ಪದಗಳ ಅರ್ಥವನ್ನು ಆ ಕಾಲದ ಬಳಕೆಯಲ್ಲಿ ನೋಡಿ

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ, ಆದರೆ ಬಿಟ್ಟು ಮುಂದೆ ಹೋಗುವಂತೆಯೂ ಇಲ್ಲ. “ಕೋಪವ ತಾಳದೆ” ಎಂಬುದನ್ನು ಕೋಪವನ್ನು ಸಹಿಸದೆ ಎಂದು ಓದಿದರೆ ವಾಕ್ಯವೇ ತಲೆಕೆಳಗಾಗುತ್ತದೆ. ಇಲ್ಲಿ ತಾಳುವುದು ಎಂದರೆ ಧರಿಸುವುದು, ಮನಸ್ಸಿಗೆ ಹಚ್ಚಿಕೊಳ್ಳುವುದು. ಇಂಥ ಸಂದೇಹಗಳಿಗೆ ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಅತ್ಯಂತ ನಂಬಿಕೆಯ ಆಸರೆ. 1894ರ ಕಿಟೆಲ್ ಕೋಶವೂ ಇಂದಿಗೂ ಉಪಯುಕ್ತ. ಸ್ಥಲ, ಲಿಂಗ, ಅಂಗ, ಜಂಗಮ, ಪ್ರಸಾದ ಮುಂತಾದ ಪಾರಿಭಾಷಿಕ ಪದಗಳು ಬಂದಾಗ ಅವುಗಳ ಸಾಮಾನ್ಯ ಅರ್ಥ ಮತ್ತು ಶರಣ ಪರಂಪರೆಯಲ್ಲಿನ ವಿಶೇಷ ಅರ್ಥ ಎರಡನ್ನೂ ಬರೆದಿಟ್ಟುಕೊಳ್ಳಿ, ಏಕೆಂದರೆ ವಚನಕಾರರು ಎಷ್ಟೋ ಸಲ ಎರಡನ್ನೂ ಒಟ್ಟಿಗೆ ದುಡಿಸಿಕೊಳ್ಳುತ್ತಾರೆ.

ನಾಲ್ಕನೆಯ ಹಂತ: ಯಾರು, ಯಾರಿಗೆ ಹೇಳುತ್ತಿದ್ದಾರೆ ಎಂದು ಕೇಳಿ

ಪ್ರತಿಯೊಂದು ವಚನದಲ್ಲಿಯೂ ಒಂದು ಮಾತಿನ ಸನ್ನಿವೇಶ ಇರುತ್ತದೆ, ಅದನ್ನು ಸಾಮಾನ್ಯವಾಗಿ ಅಂಕಿತ ಸೂಚಿಸುತ್ತದೆ. ಬಸವಣ್ಣನವರ ಕೂಡಲಸಂಗಮದೇವ, ಅಲ್ಲಮನ ಗುಹೇಶ್ವರ, ಜೇಡರ ದಾಸಿಮಯ್ಯನ ರಾಮನಾಥ, ಅಕ್ಕನ ಚೆನ್ನಮಲ್ಲಿಕಾರ್ಜುನ ಇವೆಲ್ಲ ಇಷ್ಟದೈವದ ಹೆಸರುಗಳು. ಅಂಬಿಗರ ಚೌಡಯ್ಯ ಮಾತ್ರ ತನ್ನ ಹೆಸರನ್ನೇ ಅಂಕಿತವಾಗಿಸಿಕೊಂಡು ನೇರವಾಗಿ ಜನರೆದುರು ನಿಲ್ಲುತ್ತಾನೆ. ಅಂಕಿತವನ್ನು ಕವಿಯ ಸಹಿ ಎಂದಷ್ಟೇ ತಿಳಿದು ದಾಟಿ ಹೋಗುವುದು ದೊಡ್ಡ ನಷ್ಟ. ಅದು ಮಾತು ತಿರುಗುವ ಜಾಗ.

ನಮ್ಮ ವಚನದಲ್ಲಿ ಅಕ್ಕ ದೇವರನ್ನು “ಕೇಳಯ್ಯಾ” ಎಂದು ಕರೆದು, ಲೋಕದಲ್ಲಿ ಹುಟ್ಟಿದವರು ಹೇಗಿರಬೇಕು ಎಂಬುದನ್ನು ಹೇಳುತ್ತಾಳೆ. ಈ ಬುದ್ಧಿಮಾತು ದೇವರಿಗೆ ಬೇಕಾಗಿಲ್ಲ. ಹಾಗಾದರೆ ಕೇಳುವವನು ದೇವರು, ಅನ್ವಯವಾಗುವುದು ಮತ್ತಾರಿಗೋ. ಆ ಮತ್ತಾರೋ ಯಾರು ಎಂಬುದನ್ನು ವಚನ ಹೇಳುವುದಿಲ್ಲ: ಇಡೀ ವಚನದಲ್ಲಿ ನಾನು ಎಂಬ ಪದವಿಲ್ಲ, ನೀನು ಎಂಬ ಪದವಿಲ್ಲ, “ಸಮಾಧಾನಿಯಾಗಿರಬೇಕು” ಎಂಬ ಕ್ರಿಯಾಪದಕ್ಕೆ ಕರ್ತೃವೇ ಇಲ್ಲ. ಆದ್ದರಿಂದ ಇದು ಆಕೆ ತನಗೆ ತಾನೇ ಹೇಳಿಕೊಳ್ಳುತ್ತಿರುವ ಮಾತೂ ಆಗಬಹುದು, ಕೇಳುಗರೆಲ್ಲರಿಗೆ ಹೇಳುತ್ತಿರುವ ಮಾತೂ ಆಗಬಹುದು. ಉಪದೇಶದಂತೆ ಕಾಣುವ ವಚನದೊಳಗೆ ಆತ್ಮಗತವೊಂದು ಅಡಗಿರುವ ಸಾಧ್ಯತೆಯನ್ನು ವ್ಯಾಕರಣವೇ ತೆರೆದಿಟ್ಟಿದೆ.

ಇಲ್ಲಿಯೇ ಒಂದು ಎಚ್ಚರಿಕೆ. ಉಡುತಡಿ, ಕೌಶಿಕ, ಕೇಶಾಂಬರ, ಶ್ರೀಶೈಲದ ಕದಳಿವನ ಎಂಬ ಜೀವನಕಥೆಯನ್ನು ತಂದು, ಜನರ ನಿಂದೆಯಿಂದ ನೊಂದ ಅಕ್ಕ ಈ ವಚನ ಹೇಳಿದಳು ಎಂದು ವಿವರಿಸಿಬಿಡುವುದು ಸುಲಭ. ಆ ಕಥೆ ನಮಗೆ ಬಹುಮಟ್ಟಿಗೆ ತಲುಪಿರುವುದು ಹರಿಹರನ ರಗಳೆಯಂಥ ಅನಂತರದ ಕಾವ್ಯಗಳಿಂದ. 15ನೆಯ ಶತಮಾನದ ಶೂನ್ಯಸಂಪಾದನೆಯಲ್ಲಿ ವಚನಗಳು ಪ್ರಶ್ನೋತ್ತರಗಳಾಗಿ ಹೆಣೆದುಕೊಂಡಿರುವುದು ಅದ್ಭುತವಾದ ನಾಟಕವೇ ಹೌದು, ಆದರೆ ಆ ಹೆಣಿಗೆ ಸಂಪಾದಕರ ಪ್ರತಿಭೆಗೆ ಸೇರಿದ್ದು. ಜೀವನಕಥೆಯನ್ನು ಕೊನೆಯಲ್ಲಿ ಪಕ್ಕಕ್ಕಿಟ್ಟು ನೋಡಬಹುದೇ ಹೊರತು ಮೊದಲಿಗೇ ಅದನ್ನು ವಚನದ ಅರ್ಥವೆಂದು ಹಿಡಿದರೆ ಪಠ್ಯದ ಮೇಲಿನ ಗಮನ ತಪ್ಪುತ್ತದೆ.

ಐದನೆಯ ಹಂತ: ವಿಷಯವನ್ನು ಹೆಸರಿಸಿ, ಆಶಯವನ್ನು ಪೂರ್ಣ ವಾಕ್ಯದಲ್ಲಿ ಬರೆಯಿರಿ

ವಿಷಯ ಬೇರೆ, ಆಶಯ ಬೇರೆ. ವಿಷಯವನ್ನು ಒಂದೆರಡು ಪದಗಳಲ್ಲಿ ಹೇಳಬಹುದು: ಇಲ್ಲಿ ಅದು ಸ್ತುತಿನಿಂದೆ. ಆಶಯ ಎಂದರೆ ಆ ವಿಷಯದ ಬಗ್ಗೆ ಪಠ್ಯ ಮಂಡಿಸುವ ನಿಲುವು, ಅದಕ್ಕೆ ಕ್ರಿಯಾಪದವಿರುವ ವಾಕ್ಯ ಬೇಕು. “ಈ ವಚನದ ಆಶಯ ತಾಳ್ಮೆ” ಎಂಬ ಮಾತನ್ನು ಯಾರೂ ಅಲ್ಲಗಳೆಯಲಾರರು, ಅಲ್ಲಗಳೆಯಲಾಗದ ಮಾತು ವಿಶ್ಲೇಷಣೆಯೂ ಅಲ್ಲ. “ಲೋಕದಲ್ಲಿ ಬದುಕುವವನಿಗೆ ಸ್ತುತಿನಿಂದೆಗಳು ಅನಿವಾರ್ಯವಾದ್ದರಿಂದ ಅವನ್ನು ಸಮಾಧಾನದಿಂದ ಎದುರಿಸಬೇಕು ಎಂದು ಈ ವಚನ ಹೇಳುತ್ತದೆ” ಎಂಬುದು ಒಂದು ಕರಡು ವಾಕ್ಯ. ಇದು ಇನ್ನೂ ಮೇಲುಮೇಲಿನದು, ಪಠ್ಯಪುಸ್ತಕದ ಸಾರಾಂಶಕ್ಕಿಂತ ಮುಂದೆ ಹೋಗಿಲ್ಲ. ಆದರೂ ಇದನ್ನು ಬರೆದಿಟ್ಟುಕೊಳ್ಳಿ. ಮುಂದಿನ ಹಂತಗಳ ಕೆಲಸ ಈ ವಾಕ್ಯವನ್ನು ತಿದ್ದುವುದೇ ಆಗಿದೆ.

ಆರನೆಯ ಹಂತ: ವಿನ್ಯಾಸವನ್ನು ಗುರುತಿಸಿ, ಅದು ಎಲ್ಲಿ ಮುರಿಯುತ್ತದೆ ನೋಡಿ

ಇಡೀ ಮಾರ್ಗದರ್ಶಿಯ ತಿರುಳು ಈ ಹಂತದಲ್ಲಿದೆ. ವಚನದ ಮೊದಲ ಆರು ಸಾಲುಗಳು ಒಂದೇ ಅಚ್ಚಿನಲ್ಲಿವೆ: ಒಂದು ಜಾಗ, ಅಲ್ಲೊಂದು ಮನೆ, ಆ ಜಾಗಕ್ಕೆ ಸಹಜವಾದ ಒಂದು ಸಂಗತಿ, ಅದಕ್ಕೆ ಅಸಹಜವಾದ ಒಂದು ಪ್ರತಿಕ್ರಿಯೆ, ಕೊನೆಗೆ ಪ್ರಶ್ನೆ. ಈ ಅಚ್ಚಿನೊಳಗೆ ಏನೇನು ಬದಲಾಗುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಕ್ರಿಯಾಪದಗಳು. ಮೃಗಗಳಿಗೆ ಅಂಜುವುದು, ತೆರೆಗಳಿಗೆ ಅಂಜುವುದು, ಆದರೆ ಶಬ್ದಕ್ಕೆ ನಾಚುವುದು. ಮೂರನೆಯ ಸಲವೂ ಅಂಜಿದಡೆ ಎಂದಿದ್ದರೆ ಲಯಕ್ಕೆ ಯಾವ ಕೊರತೆಯೂ ಆಗುತ್ತಿರಲಿಲ್ಲ. ಮೃಗ ಮತ್ತು ತೆರೆ ನಿಸರ್ಗದ ಬಲಗಳು, ಅವುಗಳಿಂದ ಪ್ರಾಣಕ್ಕೆ ಅಪಾಯ. ಸಂತೆಯ ಶಬ್ದ ಮನುಷ್ಯರದು, ಅದರಿಂದ ಅಪಾಯ ಮಾನಕ್ಕೆ. ನಾಚಿಕೆ ಇನ್ನೊಬ್ಬರ ನೋಟ ಮತ್ತು ಮಾತುಗಳಿಂದ ಮಾತ್ರ ಹುಟ್ಟಬಲ್ಲ ಭಾವ. ಒಂದೇ ಕ್ರಿಯಾಪದದ ಬದಲಾವಣೆಯಿಂದ ಅಕ್ಕ ನಮ್ಮನ್ನು ಕಾಡಿನಿಂದ ಸಮಾಜಕ್ಕೆ ಕರೆತಂದಿದ್ದಾಳೆ, ಮುಂದೆ ಬರಲಿರುವ ಸ್ತುತಿನಿಂದೆಗಳಿಗೆ ನೆಲವನ್ನು ಹದಗೊಳಿಸಿದ್ದಾಳೆ.

ಎರಡನೆಯದು ಸ್ಥಳವಾಚಕಗಳು. ಬೆಟ್ಟದ ಮೇಲೆ, ಸಮುದ್ರದ ತಡಿಯಲ್ಲಿ, ಸಂತೆಯೊಳಗೆ, ಲೋಕದೊಳಗೆ, ಮನದಲ್ಲಿ. ತುದಿಯಿಂದ ಅಂಚಿಗೆ, ಅಂಚಿನಿಂದ ನಡುವಿಗೆ, ಕೊನೆಗೆ ಮನುಷ್ಯನ ಒಳಗೆ. ನಿರ್ಜನವಾದ ಬೆಟ್ಟದಿಂದ ಹೊರಟ ವಚನ ಜನಸಂದಣಿಯನ್ನು ಹಾದು ಮನಸ್ಸಿಗೆ ಬಂದು ಮುಟ್ಟುತ್ತದೆ. ಹೊರಗಿನ ವಿಸ್ತಾರ ಕುಗ್ಗುತ್ತಾ ಬಂದ ಹಾಗೆ ಸಮಸ್ಯೆಯ ಇರವು ಒಳಕ್ಕೆ ಸರಿಯುತ್ತದೆ.

ಮೂರನೆಯದು ನನಗೆ ಅತ್ಯಂತ ಪ್ರಿಯವಾದದ್ದು, ಬಹಳ ಮಂದಿ ಗಮನಿಸದೆ ದಾಟಿಹೋಗುವಂಥದ್ದು: ಅಡೆ ಎಂಬ ಪಕ್ಷಾರ್ಥಕ ಪ್ರತ್ಯಯ. ಅಂಜಿದಡೆ, ಅಂಜಿದಡೆ, ನಾಚಿದಡೆ ಎಂಬ ಮೂರು ಕಡೆಯೂ ಅದು ಅಂಟಿಕೊಂಡಿರುವುದು ಮನುಷ್ಯನ ಪ್ರತಿಕ್ರಿಯೆಗೆ. ನಾಲ್ಕನೆಯ ಸಲ “ಬಂದಡೆ” ಎಂಬಲ್ಲಿ ಅದು ಅಂಟಿಕೊಂಡಿರುವುದು ಹೊರಗಿನಿಂದ ಬರುವ ಸ್ತುತಿನಿಂದೆಗಳಿಗೆ. ಮೊದಲ ಮೂರರಲ್ಲಿ ಪ್ರತಿಕ್ರಿಯೆ ಆಗಿಹೋಗಿದೆ, ಅದನ್ನು ಪ್ರಶ್ನಿಸುವುದಷ್ಟೇ ಉಳಿದಿದೆ. ನಾಲ್ಕನೆಯದರಲ್ಲಿ ಘಟನೆ ಮತ್ತು ಪ್ರತಿಕ್ರಿಯೆಗಳ ನಡುವೆ ಒಂದು ತೆರಪು ಬಿದ್ದಿದೆ. ಬರುವುದು ಬರಲಿ, ಮುಂದೇನು ಮಾಡಬೇಕೆಂಬ ಆಯ್ಕೆ ಇನ್ನೂ ಕೈಯಲ್ಲಿದೆ. ಪ್ರಶ್ನೆ ವಿಧಿಯಾಗಿ ಬದಲಾಗಲು ಸಾಧ್ಯವಾಗುವುದು ಈ ತೆರಪಿನಿಂದ. ಸಮಾಧಾನ ಎಂಬುದು ಆ ತೆರಪಿನಲ್ಲಿ ನಿಲ್ಲುವ ಶಕ್ತಿ ಎಂದು ವಚನದ ವ್ಯಾಕರಣವೇ ತೋರಿಸಿಕೊಡುತ್ತದೆ.

ನಾಲ್ಕನೆಯದು, ಮನೆಯ ಗೈರುಹಾಜರಿ. ಮೂರು ಸಲ “ಮನೆಯ ಮಾಡಿ” ಎಂದ ವಚನ ನಾಲ್ಕನೆಯ ಸಲ “ಹುಟ್ಟಿದ ಬಳಿಕ” ಎನ್ನುತ್ತದೆ. ಮನೆಯನ್ನು ಎಲ್ಲಿ ಕಟ್ಟಬೇಕೆಂಬುದು ಕಟ್ಟುವವನ ಇಷ್ಟ, ಆದ್ದರಿಂದ ಬೆಟ್ಟದ ಮೇಲೆ ಮನೆ ಕಟ್ಟಿದವನಿಗೆ ಮೃಗಗಳ ಬಗ್ಗೆ ದೂರುವ ಹಕ್ಕಿಲ್ಲ. ಹುಟ್ಟು ಹಾಗಲ್ಲ, ಅದನ್ನು ಯಾರೂ ಆರಿಸಿಕೊಂಡಿಲ್ಲ. ಉಪಮಾನ ಮತ್ತು ಉಪಮೇಯಗಳ ನಡುವೆ ಇಲ್ಲೊಂದು ಬಿರುಕಿದೆ. ಇಂಥ ಬಿರುಕುಗಳನ್ನು ಕಂಡಾಗ ಕವಿಯ ದೋಷವೆಂದು ಮುಚ್ಚಿಹಾಕದೆ ಅಲ್ಲಿಯೇ ನಿಂತು ಯೋಚಿಸಬೇಕು. ಹುಟ್ಟನ್ನು ಆರಿಸಿಕೊಳ್ಳದಿದ್ದರೂ ಲೋಕದಲ್ಲಿ ಇರುವುದನ್ನು ನಾವಾಗಿಯೇ ಕಟ್ಟಿಕೊಂಡ ಮನೆಯಂತೆ ಒಪ್ಪಿಕೊಳ್ಳಬೇಕು ಎಂದು ಅಕ್ಕ ಹೇಳುತ್ತಿದ್ದಾಳೆಯೇ? ಹಾಗಿದ್ದರೆ ಇದು ಸಹನೆಗಿಂತ ಬಹಳ ದೊಡ್ಡ ಬೇಡಿಕೆ.

ಐದನೆಯದು ಇನ್ನೂ ಸೂಕ್ಷ್ಮ. ದೃಷ್ಟಾಂತಗಳು ಅಂಜಿಕೆ ಮತ್ತು ನಾಚಿಕೆಯ ಬಗ್ಗೆ ಮಾತನಾಡುತ್ತವೆ, ನಿರ್ಣಯ ಕೋಪದ ಬಗ್ಗೆ ಮಾತನಾಡುತ್ತದೆ. ನಡುವೆ ಕೋಪಕ್ಕೆ ಯಾವ ಪೀಠಿಕೆಯೂ ಇಲ್ಲ. ಈ ಜಿಗಿತವನ್ನು ಅರ್ಥಮಾಡಿಕೊಳ್ಳುವ ಒಂದು ದಾರಿಯೆಂದರೆ, ನಿಂದೆಗೆ ಕೆರಳುವ ಕೋಪದ ತಳದಲ್ಲಿ ಇರುವುದು ಅಂಜಿಕೆ ಮತ್ತು ನಾಚಿಕೆಗಳೇ ಎಂದು ವಚನ ಹೇಳದೆಯೇ ಹೇಳುತ್ತಿದೆ ಎಂದು ಓದುವುದು. ಅಷ್ಟೇ ಅಲ್ಲ, ನಿಂದೆಗೆ ಕೋಪ ಬರುವುದು ಸರಿ, ಸ್ತುತಿಗೆ ಕೋಪ ಬರುವುದೆಂತು? ಸ್ತುತಿಯನ್ನೂ ನಿಂದೆಯನ್ನೂ ಒಂದೇ ಸಮಾಸದಲ್ಲಿ ಸೇರಿಸಿ, ಎರಡಕ್ಕೂ ಒಂದೇ ಔಷಧಿಯನ್ನು ಹೇಳಿರುವುದರಿಂದ ಹೊಗಳಿಕೆಯೂ ಮನಸ್ಸನ್ನು ಕದಲಿಸುವ ಆಘಾತವೇ ಎಂಬ ಧ್ವನಿ ಹೊರಡುತ್ತದೆ.

ಏಳನೆಯ ಹಂತ: ಅಲಂಕಾರದ ಹೆಸರು ಹೇಳಿ, ಆದರೆ ಅಲ್ಲಿ ನಿಲ್ಲಬೇಡಿ

ಅಲಂಕಾರಶಾಸ್ತ್ರದ ಪರಿಭಾಷೆ ಕನ್ನಡಕ್ಕೆ ಹೊಸದಲ್ಲ. ನಮಗೆ ದೊರೆತಿರುವ ಅತ್ಯಂತ ಹಳೆಯ ಕನ್ನಡ ಗ್ರಂಥವಾದ 9ನೆಯ ಶತಮಾನದ ಕವಿರಾಜಮಾರ್ಗವೇ ಅಲಂಕಾರಗ್ರಂಥ. ಅದು ಮೊದಲು ದೋಷಾದೋಷಗಳನ್ನು, ನಂತರ ಶಬ್ದಾಲಂಕಾರ ಮತ್ತು ಅರ್ಥಾಲಂಕಾರಗಳನ್ನು ವಿವರಿಸುತ್ತದೆ. ಆ ಪರಿಭಾಷೆಯನ್ನು ಖಂಡಿತ ಬಳಸಿ, ಆದರೆ ಹೆಸರಿಟ್ಟ ಮೇಲೆ ಏಕೆ ಎಂಬ ಪ್ರಶ್ನೆಯನ್ನು ಸೇರಿಸಿ.

ಅಕ್ಕನ ವಚನದ ಮೂರು ಪ್ರಶ್ನೆಗಳಿಗೂ ನಿರ್ಣಯಕ್ಕೂ ಇರುವ ಸಂಬಂಧ ಬಿಂಬಪ್ರತಿಬಿಂಬ ಭಾವದ್ದು ಎಂದರೆ ದೃಷ್ಟಾಂತಾಲಂಕಾರವಾಗುತ್ತದೆ. ಮೂರು ವಿಶೇಷಗಳಿಂದ ಒಂದು ಸಾಮಾನ್ಯ ತತ್ತ್ವವನ್ನು ಸಮರ್ಥಿಸಲಾಗಿದೆ ಎಂದರೆ ಅರ್ಥಾಂತರನ್ಯಾಸಕ್ಕೆ ಹತ್ತಿರವಾಗುತ್ತದೆ. ನಾನು ದೃಷ್ಟಾಂತದ ಕಡೆಗೇ ವಾಲುತ್ತೇನೆ, ಏಕೆಂದರೆ ಸಂತೆಯ ಶಬ್ದಕ್ಕೂ ಲೋಕದ ಸ್ತುತಿನಿಂದೆಗೂ ಇರುವ ಸಂಬಂಧ ಕನ್ನಡಿಯ ಸಂಬಂಧ. ಪರೀಕ್ಷಕರು ಯಾವ ಹೆಸರನ್ನು ನಿರೀಕ್ಷಿಸಿದ್ದರೂ ಕಾರಣ ಕೊಟ್ಟು ಬರೆದ ಉತ್ತರಕ್ಕೆ ತೂಕವಿರುತ್ತದೆ.

ರೂಪಕವನ್ನು ಹೇಗೆ ಬಿಡಿಸಬೇಕು ಎಂಬುದಕ್ಕೆ ಬಸವಣ್ಣನವರ ಆ ವಚನವನ್ನೇ ನೋಡಬಹುದು.

ಉಳ್ಳವರು ಶಿವಾಲಯ ಮಾಡುವರು
ನಾನೇನ ಮಾಡುವೆ? ಬಡವನಯ್ಯಾ.
ಎನ್ನ ಕಾಲೇ ಕಂಬ, ದೇಹವೇ ದೇಗುಲ,
ಶಿರವೇ ಹೊನ್ನ ಕಳಶವಯ್ಯಾ.
ಕೂಡಲಸಂಗಮದೇವಾ ಕೇಳಯ್ಯಾ,
ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ.

ಕಾಲೇ ಕಂಬ ಎಂಬಲ್ಲಿ ಕಕಾರ, ದೇಹವೇ ದೇಗುಲ ಎಂಬಲ್ಲಿ ದೇಕಾರ ಜೋಡಿಯಾಗಿ ನಿಂತು, ಅವೆರಡೂ ಒಂದೇ ಎಂಬುದನ್ನು ಶಬ್ದದಿಂದಲೇ ಒಪ್ಪಿಸುತ್ತವೆ. ಶಿರವೇ ಹೊನ್ನ ಕಳಶ ಎಂಬಲ್ಲಿಗೆ ಬಂದಾಗ ಆದಿಯ ಅಕ್ಷರಗಳ ಜೋಡಿ ತಪ್ಪುತ್ತದೆ, ಹಿಂದೆಲ್ಲೂ ಇಲ್ಲದ ವಿಶೇಷಣವೊಂದು ನುಗ್ಗುತ್ತದೆ. ಆ ವಿಶೇಷಣ ಹೊನ್ನು. ಈಗತಾನೆ ಬಡವನಯ್ಯಾ ಎಂದವನ ಬಳಿ ಹೊನ್ನು ಎಲ್ಲಿಂದ ಬಂತು? ಉಳ್ಳವರು ಎಂಬ ಮೊದಲ ಪದಕ್ಕೆ ವಚನ ಕೊಡುವ ಉತ್ತರ ಇದು, ಯಾವುದು ಸಂಪತ್ತು ಎಂಬ ಲೆಕ್ಕವನ್ನೇ ಅದು ಬದಲಿಸಿಬಿಡುತ್ತದೆ.

ಕೊನೆಯ ಸಾಲಿನಲ್ಲಿ ಇನ್ನೊಂದು ಕಠಿಣ ಪ್ರಶ್ನೆ ಕಾದಿದೆ. ಕಲ್ಲಿನ ಗುಡಿಗಿಂತ ದೇಹ ಬೇಗ ಅಳಿಯುವಂಥದ್ದು. ಹಾಗಿರುವಾಗ ದೇಹವನ್ನು ದೇಗುಲವೆಂದು ಕರೆದು, ಸ್ಥಾವರಕ್ಕೆ ಅಳಿವುಂಟು ಜಂಗಮಕ್ಕೆ ಅಳಿವಿಲ್ಲ ಎಂದು ತೀರ್ಪು ಕೊಡುವುದು ಹೇಗೆ? ಈ ಪ್ರಶ್ನೆಯನ್ನು ಕೇಳದ ವಿಶ್ಲೇಷಣೆ ಕಲ್ಲು ಮತ್ತು ದೇಹಗಳ ಹೋಲಿಕೆಯಲ್ಲಿಯೇ ತೃಪ್ತವಾಗುತ್ತದೆ. ಕೇಳಿದವರಿಗೆ ಮಾತ್ರ, ಇಲ್ಲಿನ ವೈದೃಶ್ಯ ಇರುವುದು ನಿಂತದ್ದಕ್ಕೂ ಚಲಿಸುವುದಕ್ಕೂ ನಡುವೆ ಎಂಬುದು ಹೊಳೆಯುತ್ತದೆ. ಜಂಗಮ ಎಂಬುದಕ್ಕೆ ಚಲನಶೀಲವಾದದ್ದು ಎಂಬ ಅರ್ಥವೂ ಇದೆ, ಊರೂರು ಸಂಚರಿಸುವ ಶಿವಸ್ವರೂಪಿ ಶರಣ ಎಂಬ ಅರ್ಥವೂ ಇದೆ. ದೇಹ ಅಳಿದರೂ ನಡೆಯುತ್ತಲೇ ಇರುವ ಒಂದು ಪರಂಪರೆ, ಒಂದು ಅರಿವು ಅಳಿಯುವುದಿಲ್ಲ ಎಂಬ ಓದಿಗೆ ಹೀಗೆ ದಾರಿ ತೆರೆಯುತ್ತದೆ.

ಎಂಟನೆಯ ಹಂತ: ಅದೇ ತಂತ್ರವಿರುವ ಇನ್ನೊಂದು ಪಠ್ಯದೊಂದಿಗೆ ಹೋಲಿಸಿ

ತಂತ್ರವೊಂದು ತನ್ನಷ್ಟಕ್ಕೆ ತಾನೇ ಯಾವ ಆಶಯವನ್ನೂ ಹೊರುವುದಿಲ್ಲ ಎಂಬುದು ಹೋಲಿಕೆಯಿಂದ ಸ್ಪಷ್ಟವಾಗುತ್ತದೆ. ಅಕ್ಕನ ವಚನದಂತೆಯೇ ಸಾಲುಸಾಲು ಪ್ರಶ್ನೆಗಳಿಂದ ಕಟ್ಟಿದ ಅಲ್ಲಮನ ವಚನವಿದು.

ಎತ್ತಣ ಮಾಮರ ಎತ್ತಣ ಕೋಗಿಲೆ
ಎತ್ತಣಿಂದೆತ್ತ ಸಂಬಂಧವಯ್ಯಾ?
ಬೆಟ್ಟದ ನೆಲ್ಲಿಯ ಕಾಯಿ ಸಮುದ್ರದೊಳಗಣ ಉಪ್ಪು
ಎತ್ತಣಿಂದೆತ್ತ ಸಂಬಂಧವಯ್ಯಾ?
ಗುಹೇಶ್ವರಲಿಂಗಕ್ಕೆಯೂ ಎನಗೆಯೂ
ಎತ್ತಣಿಂದೆತ್ತ ಸಂಬಂಧವಯ್ಯಾ?

ಇಲ್ಲಿಯೂ ಬೆಟ್ಟವಿದೆ, ಸಮುದ್ರವಿದೆ, ಮೂರು ಪ್ರಶ್ನೆಗಳಿವೆ. ಆದರೆ ಅಕ್ಕನ ಪ್ರಶ್ನೆಗಳ ಉತ್ತರ ಕೇಳುವ ಮೊದಲೇ ಗೊತ್ತು, ಅಂಜಬಾರದು ಎಂಬುದೇ ಅದು. ಅವು ಉತ್ತರವನ್ನು ಕೇಳುಗನ ಬಾಯಿಂದಲೇ ಹೊರಡಿಸುವ ಪ್ರಶ್ನೆಗಳು. ಅಲ್ಲಮನ ಮೊದಲ ಎರಡು ಪ್ರಶ್ನೆಗಳಿಗೂ ಉತ್ತರವಿದೆ: ವಸಂತದಲ್ಲಿ ಚಿಗುರಿದ ಮಾವಿಗೆ ಕೋಗಿಲೆ ಬರುತ್ತದೆ, ಉಪ್ಪಿನಕಾಯಿಯ ಭರಣಿಯಲ್ಲಿ ಬೆಟ್ಟದ ನೆಲ್ಲಿಯೂ ಸಮುದ್ರದ ಉಪ್ಪೂ ಸೇರುತ್ತವೆ. ಮೂರನೆಯದಕ್ಕೆ ಅಂಥ ಭರಣಿ ಯಾವುದು ಎಂಬುದನ್ನು ವಚನ ಹೇಳುವುದಿಲ್ಲ. ಅಕ್ಕನಲ್ಲಿ ಕೊನೆಗೆ ವಿನ್ಯಾಸ ಮುರಿದು ವಿಧಿವಾಕ್ಯ ಬರುತ್ತದೆ, ಅಲ್ಲಮನಲ್ಲಿ ವಿನ್ಯಾಸ ಮುರಿಯುವುದೇ ಇಲ್ಲ, ಅಂಕಿತವೂ ಪ್ರಶ್ನೆಯೊಳಗೆ ಸಿಕ್ಕಿಕೊಳ್ಳುತ್ತದೆ. ಮುರಿಯಬೇಕಾದಲ್ಲಿ ಮುರಿಯದಿರುವುದೂ ಗಮನಿಸಬೇಕಾದ ಸಂಗತಿಯೇ. ಒಬ್ಬಳಲ್ಲಿ ಪ್ರಶ್ನೆಗಳು ಬದುಕುವ ಕ್ರಮವೊಂದಕ್ಕೆ ಒಯ್ಯುತ್ತವೆ, ಇನ್ನೊಬ್ಬನಲ್ಲಿ ಬೆರಗಿನೊಳಗೆ ನಿಲ್ಲಿಸುತ್ತವೆ.

ಒಂಬತ್ತನೆಯ ಹಂತ: ಆಶಯವಾಕ್ಯವನ್ನು ತಿದ್ದಿ, ಪ್ಯಾರಾ ಬರೆಯಿರಿ

ಈಗ ಐದನೆಯ ಹಂತದ ಕರಡಿಗೆ ಮರಳಿ. ಅದು ಹೀಗೆ ಬದಲಾಗಬಹುದು: “ಲೋಕದ ಮಾತು ತಡೆಯಲಾಗದ್ದು ಎಂದು ಒಪ್ಪಿಸುತ್ತಲೇ, ಆ ಮಾತಿಗೂ ಅದಕ್ಕೆ ನಾವು ತೋರುವ ಪ್ರತಿಕ್ರಿಯೆಗೂ ನಡುವೆ ಇರುವ ತೆರಪನ್ನು ಕಾಯ್ದುಕೊಳ್ಳುವುದೇ ಸಮಾಧಾನವೆಂದು ಅಕ್ಕನ ವಚನ ಸ್ಥಾಪಿಸುತ್ತದೆ.” ಇದನ್ನು ಒಪ್ಪದವರು ವಾದಿಸಬಹುದು, ವಾದಿಸಬೇಕಾದರೆ ಅವರೂ ಪಠ್ಯಕ್ಕೇ ಹೋಗಬೇಕು. ಒಳ್ಳೆಯ ಆಶಯವಾಕ್ಯದ ಲಕ್ಷಣ ಇದೇ.

ಪ್ಯಾರಾ ಬರೆಯುವಾಗ ಪ್ರತಿಯೊಂದು ಹೇಳಿಕೆಗೂ ವಚನದ ಒಂದು ಪದವನ್ನಾದರೂ ಆಧಾರವಾಗಿ ಎತ್ತಿಕೊಡಿ, ಇಡೀ ವಚನವನ್ನು ಮತ್ತೆ ಮತ್ತೆ ಉಲ್ಲೇಖಿಸಬೇಡಿ. “ಈ ವಚನದಲ್ಲಿ ದೃಷ್ಟಾಂತಾಲಂಕಾರವಿದ್ದು ಬಹಳ ಸುಂದರವಾಗಿ ಮೂಡಿಬಂದಿದೆ” ಎಂಬ ವಾಕ್ಯದಿಂದ ಓದುಗನಿಗೆ ಏನೂ ತಿಳಿಯುವುದಿಲ್ಲ. ಅದರ ಬದಲಿಗೆ ಹೀಗೆ ಬರೆಯಬಹುದು: “ಮೊದಲ ಎರಡು ದೃಷ್ಟಾಂತಗಳಲ್ಲಿ ಬಂದ ಅಂಜು ಎಂಬ ಕ್ರಿಯಾಪದ ಮೂರನೆಯದರಲ್ಲಿ ನಾಚು ಎಂದು ಬದಲಾಗುವುದರಿಂದ ಅಪಾಯದ ನೆಲೆ ಪ್ರಾಣದಿಂದ ಮಾನಕ್ಕೆ ಸರಿಯುತ್ತದೆ, ಸಂತೆಯ ಶಬ್ದ ಮುಂದಿನ ಸ್ತುತಿನಿಂದೆಗಳ ಮುನ್ಸೂಚನೆಯಾಗುತ್ತದೆ.” ಇಲ್ಲಿ ತಂತ್ರ, ಆಧಾರ, ಪರಿಣಾಮ ಮೂರೂ ಒಂದೇ ವಾಕ್ಯದಲ್ಲಿ ಸೇರಿವೆ. ಸುಂದರ, ಮಾರ್ಮಿಕ, ಅರ್ಥಪೂರ್ಣ, ಮನೋಜ್ಞ ಎಂಬ ಪ್ರಶಂಸೆಯ ಪದಗಳನ್ನೆಲ್ಲ ಕರಡಿನಿಂದ ಹೊಡೆದುಹಾಕಿ. ಹೊಡೆದ ಮೇಲೆ ವಾಕ್ಯದಲ್ಲಿ ಏನೂ ಉಳಿಯದಿದ್ದರೆ ಆ ವಾಕ್ಯವನ್ನೂ ಬಿಟ್ಟುಬಿಡಿ.

ಪ್ರತಿವಾದಕ್ಕೂ ಒಂದು ಪ್ಯಾರಾ ಮೀಸಲಿಡುವುದು ಒಳ್ಳೆಯದು. ನಿಂದೆಗೆ ಒಳಗಾದವರಿಗೇ ಸಮಾಧಾನದ ಹೊಣೆ ಹೊರಿಸುವುದು ನ್ಯಾಯವೇ, ನಿಂದಿಸುವ ಲೋಕವನ್ನು ಮೃಗ ಮತ್ತು ತೆರೆಗಳ ಸಾಲಿನಲ್ಲಿ ನಿಲ್ಲಿಸಿದಾಗ ಅದು ಬದಲಾಗದ ನಿಸರ್ಗವೆಂದು ಒಪ್ಪಿಕೊಂಡಂತಾಗುವುದಿಲ್ಲವೇ ಎಂದು ಇಂದಿನ ಓದುಗರು ಕೇಳಬಹುದು. ಈ ಪ್ರಶ್ನೆಯನ್ನು ಗೌರವದಿಂದಲೇ ಎದುರಿಸಿ. ಮನುಷ್ಯರ ನಿಂದೆಯನ್ನು ಮೃಗಗಳ ಪಕ್ಕದಲ್ಲಿ ಇಟ್ಟಿರುವುದರಲ್ಲಿ ನಿಂದಕರ ಬಗ್ಗೆ ಒಂದು ತೀಕ್ಷ್ಣ ತೀರ್ಪೂ ಇದೆ ಎಂದು ಉತ್ತರಿಸುವವರಿಗೂ ಪಠ್ಯದಲ್ಲಿ ಜಾಗವಿದೆ.

ಸ್ವಂತ ಅಭ್ಯಾಸಕ್ಕೆ ಒಂದು ವಚನ

ಬಸವಣ್ಣನವರ ಈ ವಚನವನ್ನು ಮೇಲಿನ ಹಂತಗಳ ಪ್ರಕಾರ ನೀವೇ ಬಿಡಿಸಿ ನೋಡಿ.

ಇವನಾರವ ಇವನಾರವ
ಇವನಾರವನೆಂದೆನಿಸದಿರಯ್ಯಾ.
ಇವ ನಮ್ಮವ ಇವ ನಮ್ಮವ
ಇವ ನಮ್ಮವನೆಂದೆನಿಸಯ್ಯಾ.
ಕೂಡಲಸಂಗಮದೇವಾ
ನಿಮ್ಮ ಮನೆಯ ಮಗನೆಂದೆನಿಸಯ್ಯಾ.

ಸಭೆಗಳಲ್ಲಿ ಇದನ್ನು ಅನ್ಯರನ್ನು ನಮ್ಮವರೆಂದು ಕಾಣಬೇಕೆಂಬ ಉಪದೇಶವಾಗಿ ಉಲ್ಲೇಖಿಸುತ್ತಾರೆ. ಆ ಓದನ್ನು ಸದ್ಯಕ್ಕೆ ಬದಿಗಿಟ್ಟು ವ್ಯಾಕರಣದಿಂದ ಆರಂಭಿಸಿ. ಎನಿಸು ಎಂಬ ಪ್ರೇರಣಾರ್ಥಕ ಕ್ರಿಯಾಪದದಲ್ಲಿ ಅನ್ನುವವರು ಯಾರು, ಅನ್ನಿಸುವವರು ಯಾರು, ಅನ್ನಿಸಿಕೊಳ್ಳುವವರು ಯಾರು? ಇವ ಎಂಬುದು ಎದುರಿಗಿರುವ ಇನ್ನೊಬ್ಬನೇ, ಅಥವಾ ಜನರ ಬಾಯಲ್ಲಿ ತನ್ನನ್ನೇ ಕೇಳಿಸಿಕೊಳ್ಳುತ್ತಿರುವ ವಚನಕಾರನೇ? ಮೂರು ಬಾರಿ ಮರುಕಳಿಸುವ ಎರಡು ಮಾತುಗಳ ಮುಂದೆ “ಮನೆಯ ಮಗ” ಎಂಬುದು ಒಂದೇ ಬಾರಿ ಬರುವುದೇಕೆ? ನಮ್ಮವ ಎಂಬಲ್ಲಿನ ನಮ್ಮ ಎಂಬುದು ಕೊನೆಯ ಸಾಲಿನಲ್ಲಿ ನಿಮ್ಮ ಎಂದಾಗುವಾಗ ಬೇಡಿಕೆಯ ಸ್ವರೂಪದಲ್ಲಿ ಏನು ಬದಲಾಗುತ್ತದೆ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದ ಮೇಲೆ ಸಭೆಯ ಓದನ್ನು ಮತ್ತೆ ಎದುರಿಗಿಟ್ಟುಕೊಂಡು, ಅದರಲ್ಲಿ ಎಷ್ಟು ಭಾಗವನ್ನು ಪಠ್ಯ ಬೆಂಬಲಿಸುತ್ತದೆ ಎಂಬುದನ್ನು ಪೂರ್ಣ ವಾಕ್ಯದಲ್ಲಿ ಬರೆಯಿರಿ.